ಊಟಕ್ಕೆ ಮುಂಚಿನ ಕೊಂಡಿ

ನಾಲ್ಕು ಸಾವಿರ ರೂಪಾಯಿ ಕೊಟ್ಟೆ. ಕೆಲಸ ಮಾಡಿಸಿಕೊಂಡು ಕೂಲಿ ಕೊಡುವವರನ್ನು ನೀವು ನೋಡಿರುತ್ತೀರಿ. ನಾನು ಕೊಟ್ಟದ್ದು ಇನ್ನೊಬ್ಬರ ಮನೆಯ ಕೆಲಸವನ್ನು ನಮ್ಮ ಮನೆಗೆ ತಂದು ಮಾಡಿಕೊಡುವುದಕ್ಕೆ. ಅಂದರೆ ದುಡಿಯುವುದಕ್ಕೆ ನಾನೇ ದುಡ್ಡು ತೆತ್ತೆ. ಇಳಕಲ್ಲಿನ ಸೀರೆ ಪೇಟೆಯಲ್ಲಿ ಈ ಸುದ್ದಿ ಹಬ್ಬಿದಾಗ ಜನ ನಕ್ಕರು. ಕೊತ್ತಂಬರಿ ಸಿವುಡು ಕೊಳ್ಳುವಾಗಲೂ ಎರಡು ಗಾಡಿ ನೋಡಿ ಮೂರನೆಯದಕ್ಕೆ ಹೋಗುವ ಹೆಂಗಸು ನಾನು. ಹೇಳಿದ ಬೆಲೆಗೆ ಉಪ್ಪನ್ನೂ ತಂದವಳಲ್ಲ. ಅವತ್ತು ಮಾತ್ರ ಚೌಕಾಸಿ ಮಾಡಲಿಲ್ಲ. ಕಾರಣ, ನನ್ನ ನೆಗೆಣ್ಣಿ ಊಟ ಬಿಟ್ಟಿದ್ದಳು. ಕೆಲಸ ಮಾಡದೆ ಉಣ್ಣುವುದಿಲ್ಲ ಎಂದು ಕೂತಿದ್ದಳು. ಅವಳ ಕೈಗೆ ಕೊಡಲು ನಮ್ಮ ಮನೆಯಲ್ಲಿ ಕೆಲಸವೇ ಉಳಿದಿರಲಿಲ್ಲ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎಂದೇ ಕರೆಯುತ್ತೇನೆ, ಅವಳು ನನ್ನನ್ನು ಸಣ್ಣಾಕಿ ಎನ್ನುತ್ತಿದ್ದಳು. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಅವಳು, ಅವಳ ಮಗ, ಸೊಸೆ, ನಾನು, ನನ್ನ ಗಂಡ, ಎಲ್ಲರದೂ ಒಂದೇ ಒಲೆ.

ನಾನು ಈ ಮನೆಗೆ ಬಂದಾಗ ಪಡಸಾಲೆಯಲ್ಲಿ ಎರಡು ಕುಣಿ ಮಗ್ಗ ಇದ್ದವು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ. ಅಣ್ಣತಮ್ಮ ಇಬ್ಬರೂ ನೇಯುತ್ತಿದ್ದರು. ಹೆಂಗಸರ ಪಾಲಿಗೆ ಕೊಂಡಿ ಇತ್ತು. ನಮ್ಮ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಎಳೆ ಹತ್ತಿ, ಸೆರಗಿನ ಎಳೆ ಕೆಂಪು ರೇಷ್ಮೆ. ನೇಯುವ ಮೊದಲೇ ಮೈಯ ಎಳೆಯ ಕುಣಿಕೆಯನ್ನು ಸೆರಗಿನ ಎಳೆಯ ಕುಣಿಕೆಗೆ ಒಂದೊಂದಾಗಿ ಸಿಕ್ಕಿಸಿ ಎರಡನ್ನೂ ಬೆಸೆಯಬೇಕು. ಅದೇ ಕೊಂಡಿ. ಒಬ್ಬಳಿಂದ ಆಗುವ ಕೆಲಸವಲ್ಲ. ಇಬ್ಬರು ಎದುರುಬದುರು ಕೂತು, ಒಬ್ಬಳು ಹತ್ತಿಯನ್ನು, ಇನ್ನೊಬ್ಬಳು ರೇಷ್ಮೆಯನ್ನು ಹಿಡಿಯಬೇಕು. ರೇಷ್ಮೆಯ ಕಡೆ ಯಾವಾಗಲೂ ಅಕ್ಕ. ನನ್ನ ಬೆರಳು ಒರಟು, ರೇಷ್ಮೆ ನನ್ನನ್ನು ಒಪ್ಪುವುದಿಲ್ಲ ಎನ್ನುತ್ತಿದ್ದಳು.

ಅತ್ತೆ ಹಾಕಿಕೊಟ್ಟ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಕೊಂಡಿಗೆ ಕೂರಬೇಕು. ಒಂದಿಷ್ಟು ಎಳೆ ಬೆಸೆದ ಮೇಲೆಯೇ ಮೊದಲ ತುತ್ತು. ‘ಒಣಾ ಕೈಲೆ ಬಾಯಿ ಹಸಿ ಮಾಡಬ್ಯಾಡ್ರಿ’ ಎನ್ನುವುದು ಆಕೆಯ ಮಾತು. ಜ್ವರ ಬಂದವರಿಗೆ ಮಾತ್ರ ವಿನಾಯಿತಿ. ಹೊಸದರಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅದರ ರುಚಿ ಹತ್ತಿತು. ಕೈ ಆಡಿಸಿದ ಮೇಲೆ ತಿನ್ನುವ ಜೋಳದ ರೊಟ್ಟಿಗೂ ಎದ್ದ ಕೂಡಲೇ ತಿನ್ನುವ ರೊಟ್ಟಿಗೂ ವ್ಯತ್ಯಾಸವಿದೆ. ನಂಬದಿದ್ದರೆ ನಾಳೆಯೇ ನೋಡಿ. ಅಕ್ಕನಂತೂ ಕೊಂಡಿಯ ಮುಂದೆ ಕೂತರೆ ಲೋಕದಲ್ಲಿ ಇನ್ನೇನೂ ಬೇಡದವಳ ಹಾಗೆ ಕೂರುತ್ತಿದ್ದಳು. ಬಾಯಿ ಬೈಯುತ್ತಿತ್ತು, ಹಾಡುತ್ತಿತ್ತು, ನನ್ನ ತವರಿನವರ ಜಿಪುಣತನವನ್ನು ಆಡಿಕೊಳ್ಳುತ್ತಿತ್ತು. ಬೆರಳು ಮಾತ್ರ ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು. ಕೊನೆಯ ಎಳೆ ಬೆಸೆದು ಆ ಗೆರೆಯ ಮೇಲೆ ಅಂಗೈ ಎಳೆಯುವಾಗ ಅವಳ ಮುಖದಲ್ಲಿ ಇರುತ್ತಿದ್ದ ನೆಮ್ಮದಿಯನ್ನು ನಾನು ಯಾವ ಜಾತ್ರೆಯಲ್ಲೂ, ಯಾವ ಮದುವೆಯಲ್ಲೂ ಯಾರ ಮುಖದಲ್ಲೂ ಕಂಡಿಲ್ಲ.

ನಾನು ಮಾರಾಟಕ್ಕೆ ಇಳಿದೆ. ಸೀರೆಯ ಗಂಟು ಹೊತ್ತು ಬಸ್ಸಿನಲ್ಲಿ ಹುನಗುಂದ, ಬಾದಾಮಿ, ಬಾಗಲಕೋಟೆ ಸುತ್ತಿದೆ. ಹುನಗುಂದದಲ್ಲಿ ಕೋರ್ಟಿಗೆ ಬಂದವರಿಗೆ ಸೀರೆ ತೋರಿಸಬಾರದು, ಗೆದ್ದವರಿಗೆ ಅವಸರ, ಸೋತವರಿಗೆ ಸಿಟ್ಟು. ಅಲ್ಲಿನ ಕಚೇರಿಗಳ ಹೆಂಗಸರಿಗೆ ತೋರಿಸಬೇಕು, ಅದೂ ಸಂಬಳ ಬಂದ ವಾರದಲ್ಲಿ. ಹೀಗೆ ಕಲಿತದ್ದೇ ನನ್ನ ವಿದ್ಯೆ. ಪೇಟೆ ಅಗ್ಗದ ಸೀರೆ ಕೇಳತೊಡಗಿದಾಗ ಪವರ್‌ಲೂಮ್ ಹಾಕಿಸಿದವಳೂ ನಾನೇ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಈ ಮನೆಗೆ ಮಾಳಿಗೆ ಬಂದದ್ದು, ಮಕ್ಕಳು ಸಾಲಿ ಕಲಿತದ್ದು ಅದರಿಂದಲೇ. ಆದರೆ ಪವರ್‌ಲೂಮಿನ ಸೀರೆಗೆ ಮೈ, ಸೆರಗು ಎಲ್ಲ ಒಂದೇ ಎಳೆ. ಅದಕ್ಕೆ ಕೊಂಡಿ ಬೇಡ. ಕುಣಿಗಳಿಗೆ ಮಣ್ಣು ತುಂಬಿ ಮೇಲೆ ಫರಸಿ ಕಲ್ಲು ಹಾಸಿದೆವು.

ಅಕ್ಕ ಆಗ ಗೊಣಗಲಿಲ್ಲ. ನೂಲು ಸುತ್ತಲು ಕೂತಳು. ಅದಕ್ಕೂ ಮಷೀನ್ ಬಂತು. ಅಡಿಗೆಗೆ ಹೋದಳು. ಅಲ್ಲಿಯೇ ಮರೆವು ಮೊದಲು ಕಂಡದ್ದು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಒಂದು ದಿನ ಗ್ಯಾಸ್ ಹಚ್ಚಿಟ್ಟು ಹಿತ್ತಲಿಗೆ ಹೋಗಿ, ಹೋದದ್ದು ಯಾಕೆಂದು ತಿಳಿಯದೆ ಅಲ್ಲೇ ನಿಂತಿದ್ದಳು. ಅಂದಿನಿಂದ ಸೊಸೆ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಬಿಡದೆ ಇದ್ದದ್ದೇ ಸರಿ. ಕಾಳು ಹಸನು ಮಾಡಲು ಕೊಟ್ಟರೆ ಕಲ್ಲನ್ನು ಉಳಿಸಿ ಕಾಳನ್ನು ಎಸೆಯುತ್ತಿದ್ದಳು. ಅದೂ ಹೋಯಿತು. ಹೀಗೆ ಒಂದೊಂದೇ ಕೆಲಸ ಅವಳ ಕೈಬಿಟ್ಟಿತು. ಮಗನ ಹೆಸರು ಮರೆತಳು, ಗಂಡ ಸತ್ತದ್ದು ಮರೆತಳು. ಅತ್ತೆಯ ಪದ್ಧತಿ ಮಾತ್ರ ಮರೆಯಲಿಲ್ಲ. ಎಲ್ಲ ಸಾಮಾನು ಸಾಗಿಸಿದ ಮನೆಯಲ್ಲಿ ಗೋಡೆಗೆ ಹೂತ ಗೂಟ ಉಳಿದಂತೆ ಅದೊಂದೇ ಉಳಿಯಿತು.

“ಅತ್ತೀ, ರೊಟ್ಟಿ ಆರ್ತಾವ, ಏಳ್ರಿ” ಎಂದು ಸೊಸೆ ಕರೆಯುತ್ತಿದ್ದಳು.

“ಇವತ್ತ ನಾ ಏನ ಮಾಡೇನಿ?”

“ಏನೂ ಮಾಡೂದು ಬ್ಯಾಡ್ರಿ. ಉಣ್ರಿ ಅಷ್ಟ.”

“ಏನೂ ಮಾಡಿಲ್ಲಂದ್ರ ಹೆಂಗ ಉಣ್ಣೂದು? ಹೋಗವಾ, ದುಡದವರಿಗೆ ಹಾಕು.”

ಮೊದಮೊದಲು ನಾವು ನಕ್ಕೆವು. ನಾನಂತೂ ಬೀದಿಯಲ್ಲಿ ಹೊಗಳಿಕೊಂಡೆ: ನೋಡ್ರಿ, ಬುದ್ಧಿ ಹೋದರೂ ಕಾಯಕ ಬಿಡಲೊಲ್ಲಳು ಎಂದು. ಆದರೆ ಮಧ್ಯಾಹ್ನದ ತಟ್ಟೆಯೂ ಹಾಗೇ ಉಳಿಯತೊಡಗಿತು, ರಾತ್ರಿಯದೂ ಉಳಿಯಿತು. ಬಲವಂತ ಮಾಡಿದರೆ ತುಟಿ ಬಿಗಿದುಕೊಳ್ಳುತ್ತಿದ್ದಳು. ರವಿಕೆಯ ತೋಳು ಸಡಿಲಾಗಿ ಜೋಲತೊಡಗಿತು. ಕೆನ್ನೆಯ ಎಲುಬು ಎದ್ದು ಬಂತು. ಆಗ ನಗು ನಿಂತಿತು.

ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದೆವು. ಡಾಕ್ಟರು ಒಳ್ಳೆಯ ಮನುಷ್ಯ, ಸಮಾಧಾನದಿಂದ ನೋಡಿದರು.

“ಮಿದುಳು ಒಣಗಾಕ ಹತ್ತೇತ್ರಿ ಅಮ್ಮಾರ. ಇದಕ್ಕ ಔಷಧ ಕಡಿಮಿ. ಜನ್ಮಪೂರ್ತಿ ದುಡದಾರ, ಇನ್ನರ ಆರಾಮ ಇರಲಿ. ಟಿವಿ ಹಚ್ಚಿಕೊಡ್ರಿ, ನಾಕ ಊರು ತಿರುಗಿಸಿಕೊಂಡ ಬರ್ರಿ, ಮನಸಿಗೆ ಹಗುರಾಕ್ಕೈತಿ.”

“ಸಾಹೇಬ್ರ, ಆರಾಮದಿಂದನ ಈಕಿಗೆ ಜಡ್ಡ ಆಗೇತಿ ಅನಸ್ತೈತ್ರಿ” ಎಂದೆ.

ಅವರು ನಕ್ಕು ಚೀಟಿ ಬರೆದುಕೊಟ್ಟರು.

ಹೇಳಿದ್ದನ್ನು ಮಾಡಿ ನೋಡದೆ ತಳ್ಳುವವಳಲ್ಲ ನಾನು. ಟಿವಿಯ ಮುಂದೆ ಕೂರಿಸಿದೆವು. ಅಕ್ಕ ಒಂದಷ್ಟು ಹೊತ್ತು ನೋಡಿ, “ಇಷ್ಟ ಮಂದಿ ಹೆಂಗಸರು ಹಗಲೊತ್ತಿನ್ಯಾಗ ಜರದ ಸೀರಿ ಉಟಗೊಂಡ ನಿಂತಾರಲ್ಲ, ಇವರ ಮನ್ಯಾಗ ಕೆಲಸ ಇಲ್ಲೇನ?” ಎಂದಳು. ಪಡಸಾಲೆಗೆ ಜೋಕಾಲಿ ತೂಗುಹಾಕಿಸಿದೆ. ಅದರ ಮೇಲೆ ಕೂತವಳು ಹಗ್ಗದ ತುದಿ ಬಿಚ್ಚತೊಡಗಿದಳು. ಮಗ ಓಡಿಬಂದು ಹಿಡಿಯದಿದ್ದರೆ ಬೀಳುತ್ತಿದ್ದಳು. ಹೊದಿಕೆಯ ಅಂಚಿನಿಂದ, ಉಟ್ಟ ಸೆರಗಿನಿಂದ ಎಳೆ ಹಿರಿದು ಹಿರಿದು ತೊಡೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ಎದುರಿನ ಖಾಲಿ ಜಾಗಕ್ಕೆ ಕೈ ಚಾಚಿ ಯಾರಾದರೂ ಇನ್ನೊಂದು ಎಳೆ ಕೊಟ್ಟಾರೆಂದು ಕಾಯುತ್ತಿದ್ದಳು.

ಅದನ್ನು ಕಂಡು ಸೊಸೆಗೆ ಒಂದು ಉಪಾಯ ಹೊಳೆಯಿತು. ಸಿಕ್ಕುಸಿಕ್ಕಾದ ನೂಲಿನ ಉಂಡೆಯೊಂದನ್ನು ಕೊಟ್ಟು, ಬಿಡಿಸಿಕೊಡಿ ಎಂದಳು. ಅಕ್ಕ ಬಿಡಿಸಿದಳು. ಎದ್ದು ಕೈತೊಳೆದು ಎರಡು ರೊಟ್ಟಿ ಉಂಡಳು. ಮನೆಯಲ್ಲಿ ಹಬ್ಬವಾಯಿತು. ರಾತ್ರಿ ಸೊಸೆ ಅದೇ ನೂಲನ್ನು ಮತ್ತೆ ಸಿಕ್ಕು ಮಾಡಿ ಇಟ್ಟಳು. ಮರುದಿನವೂ ಅಕ್ಕ ಬಿಡಿಸಿದಳು, ಉಂಡಳು. ಮರೆವಿನವಳಿಗೆ ಹಳೆಯದೇ ಹೊಸದು, ಖರ್ಚಿಲ್ಲದ ದಾರಿ ಸಿಕ್ಕಿತು ಎಂದು ನಾನೂ ಒಪ್ಪಿದೆ. ನೇಕಾರರ ಮನೆಯಲ್ಲಿ ಬೆಳೆದವರು ಮಾಡಬಾರದ ತಪ್ಪು ಅದು. ಬಳಸಿದ ನೂಲು ಬೆರಳಿಗೆ ಬೇರೆಯೇ ಹತ್ತುತ್ತದೆ, ಮೆದುವಾಗಿರುತ್ತದೆ, ಜುಂಗು ಎದ್ದಿರುತ್ತದೆ. ಮೂರನೆಯ ದಿನ ಅಕ್ಕ ಉಂಡೆಯನ್ನು ಕೈಗೆ ತೆಗೆದುಕೊಂಡು ಬಿಡಿಸಲಿಲ್ಲ, ಮೂಗಿಗೆ ಹಿಡಿದಳು.

“ಇದು ಬಿಡಿಸಿದ ನೂಲು.”

“ಅಲ್ರಿ ಅತ್ತೀ, ಹೊಸಾದು.”

“ನನ್ನ ಆಟ ಆಡಸಾಕತ್ತೀರೇನು? ಕೂಸಿಗೆ ಗಿಲಕಿ ಕೊಟ್ಟಂಗ ಕೊಡ್ತೀರಿ?”

ಉಂಡೆಯನ್ನು ಮೆಲ್ಲಗೆ ನೆಲದ ಮೇಲಿಟ್ಟು ಸೆರಗು ಹೊದ್ದು ಗೋಡೆಯ ಕಡೆ ತಿರುಗಿದಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಅಂದು ನೀರೂ ಕುಡಿಯಲಿಲ್ಲ.

ಉಳಿದದ್ದು ಊರು ತಿರುಗಿಸುವುದು. ಬಾಡಿಗೆ ಗಾಡಿ ಹಿಡಿದು ಬಾದಾಮಿಗೆ ಹೊರಟೆವು, ನಾನು, ಅಕ್ಕ, ಸೊಸೆ. ಅಮೀನಗಡದಲ್ಲಿ ಕರದಂಟು ಕೊಡಿಸಿದೆ. ಅಕ್ಕ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. “ಮನಿಗೆ ಹೋಗಿ ಏನರ ಮಾಡಿ ತಿಂತೇನಿ” ಎಂದಳು. ಬಾದಾಮಿಯಲ್ಲಿ ಗುಹೆಯ ಮೆಟ್ಟಿಲು ಹತ್ತಿಸುವುದು ಆಗದು, ಕೆಳಗೆ ನೆರಳಲ್ಲಿ ಕೂರಿಸಿದೆವು. ಫೋಟೋ ತೆಗೆಸಿಕೊಳ್ಳುವವರು, ಐಸ್‌ಕ್ರೀಮು ತಿನ್ನುವವರು, ಕೋತಿಗೆ ಹೆದರಿ ಓಡುವವರು. ಅಕ್ಕ ಮೊಣಕಾಲಿಗೆ ಕೈ ಕಟ್ಟಿ ಕೂತು, “ಇವರೆಲ್ಲಾ ಯಾರು ಬರೂದನ್ನ ಕಾಯಾಕತ್ತಾರ?” ಎಂದು ಕೇಳಿದಳು. ನನಗೂ ಅಲ್ಲಿ ಕೂರಲಾಗುತ್ತಿರಲಿಲ್ಲ. ಪಕ್ಕದ ಹೆಂಗಸು ಪೇರಲಹಣ್ಣಿಗೆ ಹೆಚ್ಚು ಬೆಲೆ ತೆರುತ್ತಿದ್ದಳು, ಅವಳ ಪರವಾಗಿ ನಾನೇ ಚೌಕಾಸಿ ಮಾಡಿ ಕೊಡಿಸಿದೆ. ಅಷ್ಟಾದ ಮೇಲೆ ಮನಸ್ಸು ಸ್ವಲ್ಪ ತಹಬಂದಿಗೆ ಬಂತು. ನಾನೂ ಅದೇ ಮನೆಯ ಸೊಸೆಯಲ್ಲವೇ.

ಅಲ್ಲಿಂದ ಮಹಾಕೂಟ. ಹೊಂಡದಲ್ಲಿ ಹುಡುಗರು ಈಸುಬಿದ್ದಿದ್ದರು. ಅಕ್ಕನನ್ನು ಕಟ್ಟೆಯ ಮೇಲೆ ಕೂರಿಸಿ ಹೋಗಿ ದರ್ಶನ ಮುಗಿಸಿ ಬಂದು ನೋಡುತ್ತೇವೆ, ಅವಳಿಲ್ಲ. ಸೊಸೆ ಹೊಂಡದ ಕಡೆ ಓಡಿದಳು. ನಾನು ಆಚೆ ದಡದ ದೊಡ್ಡ ಮರದ ಕಡೆ ಹೋದೆ. ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಮುದುಕಿಯೊಬ್ಬಳಿದ್ದಳು. ಗಿರಾಕಿಗಳ ಗದ್ದಲದಲ್ಲಿ ಅವಳಿಗೆ ಪುರಸತ್ತಿಲ್ಲ. ಪಕ್ಕದಲ್ಲಿ ಹಸಿಮೆಣಸಿನಕಾಯಿಯ ರಾಶಿ ತೊಟ್ಟು ಬಿಡಿಸದೆ ಬಿದ್ದಿತ್ತು. ಅದರ ಮುಂದೆ ನಮ್ಮ ಅಕ್ಕ ಕೂತಿದ್ದಳು, ಒಂದೊಂದೇ ತೊಟ್ಟು ಮುರಿಯುತ್ತ.

“ಯಾರ ಬೇ ನೀ? ಕೂಲಿ ಗೀಲಿ ಕೇಳೀ ಮತ್ತ” ಎಂದಳು ರೊಟ್ಟಿಯವಳು.

“ಕೂಲಿ ಮಾತು ಆಮ್ಯಾಲ. ಇದರಾಗ ಕೊಳತವು ಭಾಳ ಅದಾವಲ್ಲ, ಎಲ್ಲಿ ತಂದಿ?”

“ಬಾದಾಮಿ ಸಂತ್ಯಾಗ.”

“ಮುಳುಗಿಸ್ಯಾರ ನಿನ್ನ.”

“ನಿನ್ನ ಕರಕೊಂಡ ಹೋಗಬೇಕಾಗಿತ್ತ ನೋಡು.”

ನಾನು ಮರದ ಈಚೆಗೇ ನಿಂತೆ. ರಾಶಿ ಮುಗಿಯಿತು. ರೊಟ್ಟಿಯವಳು ಎರಡು ರೊಟ್ಟಿಯ ಮೇಲೆ ಕೆಂಪು ಖಾರ, ಗಟ್ಟಿ ಮೊಸರು ಹಾಕಿ, “ತಗೋ, ಲೆಕ್ಕ ಚುಕ್ತಾ” ಎಂದಳು. ಅಕ್ಕ ಉಂಡಳು. ಬೆರಳು ಚೀಪಿ ಉಂಡಳು. ಆಮೇಲೆ, “ಇನ್ನೊಂದ ಹಾಕು. ಅಷ್ಟ ಕೆಲಸಕ್ಕ ಎರಡರಾಗ ಮುಗಸಾಕ ನೋಡಬ್ಯಾಡ” ಎಂದಳು. ರೊಟ್ಟಿಯವಳು ನಗುತ್ತ ಮೂರನೆಯದನ್ನು ಹಾಕಿದಳು. ನಾನು ಮುಖ ತಿರುಗಿಸಿ ಹೊಂಡದ ನೀರು ನೋಡುತ್ತ ನಿಂತೆ. ಒಬ್ಬರಿಗೆ ನಿಜವಾಗಿ ಬೇಕಿದ್ದ ಕೆಲಸ ಅದು. ಅಕ್ಕನ ಬೆರಳಿಗೆ ಅದು ತಿಳಿದಿತ್ತು.

ಮನೆಯಲ್ಲಿ ಅದನ್ನೇ ಮಾಡಲು ಹೋದೆವು, ಆಗಲಿಲ್ಲ. ಮೆಣಸಿನಕಾಯಿ ಮುಟ್ಟಿದ ಕೈಯಿಂದ ಕಣ್ಣು ಉಜ್ಜಿಕೊಂಡು ಎರಡು ದಿನ ನರಳಿದಳು. ಅಲ್ಲದೆ ಪಡಸಾಲೆಯೊಳಗೆ ಬಂದ ಕೂಡಲೇ ಅವಳಿಗೆ ತನ್ನ ಕೆಲಸ ಬೇಕು. “ಇದು ಅಡಿಗಿ ಮನಿ ಕೆಲಸ. ನನ್ನ ಕೊಂಡಿ ಎಲ್ಲಿ ಇಟ್ಟೀ ಸಣ್ಣಾಕಿ?” ಎಂದು ನನ್ನನ್ನೇ ಹಿಡಿದು ಕೇಳಿದಳು. ಮತ್ತೆ ತುಟಿ ಬಿಗಿಯಿತು.

ಹುನಗುಂದದ ದಾರಿಯಲ್ಲಿ ಒಂದು ಹಳ್ಳಿಯಿದೆ. ಅಲ್ಲಿ ಇನ್ನೂ ಕುಣಿ ಮಗ್ಗದಲ್ಲಿ ನೇಯುವ ಒಬ್ಬ ನೇಕಾರ ನನಗೆ ಪರಿಚಯ. ಅವನ ಹೆಂಡತಿ, ತಾಯಿ ಸೇರಿ ಕೊಂಡಿ ಮಾಡುತ್ತಾರೆ. ಅಲ್ಲಿಗೆ ಹೋದೆ.

“ಒಂದ ಸೀರಿ ಕೊಂಡಿ ನಮಗ ಕೊಡಪಾ, ಮನ್ಯಾಗ ಮಾಡಿಕೊಡ್ತೇವಿ.”

“ಕೊಡೂಣಂತ ಅಕ್ಕಾರ. ಕೂಲಿ ಎಷ್ಟ ಹಿಡೀತೀರಿ?”

“ಕೂಲಿ ನಾನ ನಿನಗ ಕೊಡ್ತೇನಿ.”

ಅವನು ಹೆಂಡತಿಯ ಮುಖ ನೋಡಿದ. “ಇದರಾಗ ಏನೋ ಐತ್ರಿ ಅಕ್ಕಾರ. ನೀವು ಸುಮ್ಮಸುಮ್ಮನ ಕೊಡೂ ಪೈಕಿ ಅಲ್ಲ.”

ಇದ್ದದ್ದನ್ನು ಹೇಳಿದೆ. ಅವನು ತಲೆ ಕೆರೆದುಕೊಂಡ. ರೇಷ್ಮೆ ಕೆಟ್ಟರೆ ಯಾರು ಹೊಣೆ, ಮಗ್ಗ ಅಷ್ಟು ದಿನ ಸುಮ್ಮನೆ ನಿಂತರೆ ಯಾರು ಹೊಣೆ. ಅವನು ಕೇಳಿದ್ದು ನ್ಯಾಯವೇ. ನಾಲ್ಕು ಸಾವಿರ ಎಂದ. ಬೇರೆ ದಿನವಾಗಿದ್ದರೆ ನಾನು ಎದ್ದು ಹೊಸ್ತಿಲು ದಾಟುತ್ತಿದ್ದೆ. ಹೊಸ್ತಿಲು ದಾಟಿದಾಗಲೇ ಬೆಲೆ ಇಳಿಯುವುದು, ಇದು ತಿಳಿದಿರಲಿ. ಅವತ್ತು ಕೂತಲ್ಲೇ ಎಣಿಸಿ ಕೊಟ್ಟೆ.

ಕೈ ಮರೆಯುವುದಿಲ್ಲ ಎಂದು ನಾನು ನಂಬಿದ್ದೆ. ತಲೆ ಮರೆತರೂ ಬೆರಳು ಮರೆಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಪಡಸಾಲೆಯಲ್ಲಿ ಚಾಪೆ ಹಾಸಿ, ಹತ್ತಿಯ ಎಳೆಗಳನ್ನು ನನ್ನ ಕಡೆ, ಕೆಂಪು ರೇಷ್ಮೆಯನ್ನು ಅವಳ ಕಡೆ ಇಟ್ಟೆ. ಅಕ್ಕ ನೋಡಿದ ಕೂಡಲೇ ನೆಟ್ಟಗೆ ಕೂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಎಷ್ಟ ದಿನಾ ಆತು, ನೀ ಇನ್ನೂ ಎಳಿ ಬಿಗಿಮಾಡೂದ ಕಲಿಲಿಲ್ಲ” ಎಂದು ಬೈದಳು. ನನಗೆ ಬಯ್ಗುಳವೇ ಪ್ರಸಾದವಾಯಿತು. ಸೊಸೆ ಆಗಲೇ ಒಲೆಯ ಮೇಲೆ ಹೆಂಚು ಇಟ್ಟಿದ್ದಳು.

ಮೊದಲ ಎಳೆ ಹಿಡಿದಳು. ಕುಣಿಕೆ ಮಾಡಿದಳು, ಅದು ಜಾರಿತು. ಮತ್ತೆ ಮಾಡಿದಳು. ಹೆಬ್ಬೆರಳು ಬಂದು ಒತ್ತಬೇಕಾದ ಜಾಗಕ್ಕೆ ಬರಲಿಲ್ಲ. ರೇಷ್ಮೆ ಸುರುಳಿ ಬಿಚ್ಚಿ ಹೋಯಿತು. ಇನ್ನೊಂದು ಎಳೆ. ಮತ್ತೊಂದು. ಬಿಸಿಲು ಕಿಟಕಿಯಿಂದ ಕೆಳಗಿಳಿದು ಫರಸಿಯ ಮೇಲೆ ಬಂದರೂ ಒಂದು ಕೊಂಡಿ ಆಗಲಿಲ್ಲ. ಅಕ್ಕ ತನ್ನ ಕೈಯನ್ನು ಮುಖದ ಹತ್ತಿರ ತಂದು ಹಿಂದೆಮುಂದೆ ತಿರುಗಿಸಿ ನೋಡಿದಳು.

“ಸಣ್ಣಾಕಿ, ನನ್ನ ಬೆರಳ ಯಾರೋ ಬದಲ ಮಾಡ್ಯಾರ.”

“ಕೂತ ಕೂತ ಜೋಮು ಹಿಡದಾವ ಅಕ್ಕಾ. ತಡಿ, ನಾ ಹಿಡೀತೇನಿ.”

ಅವಳ ಕಡೆಯ ಎಳೆಯನ್ನೂ ನಾನೇ ಹಿಡಿದು ಸಿಕ್ಕಿಸಿದೆ. ಅವಳ ಬೆರಳನ್ನು ಮೇಲೆ ಇಡಿಸಿಕೊಂಡು ಒತ್ತಿದೆ. ಹೀಗೆ ಒಂದಷ್ಟು ಎಳೆ ಬೆಸೆದೆವು. ಸೊಸೆ ತಟ್ಟೆ ತಂದಿಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ಅಕ್ಕ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

“ಎರಡೂ ಕಡಿ ನೀನ ಮಾಡೀ. ನೀ ಉಣ್ಣು.”

ಉಂಡೆ. ಅವಳ ಎದುರೇ ಕೂತು ಉಂಡೆ. ಬೇಡವೆಂದರೆ ಅವಳ ಲೆಕ್ಕದಲ್ಲಿ ಅನ್ನಕ್ಕೆ ಅವಮಾನ, ದುಡಿತಕ್ಕೂ ಅವಮಾನ. ಅವಳು ನಾನು ಉಣ್ಣುವುದನ್ನೇ ನೋಡುತ್ತಿದ್ದಳು, ಹಸಿದ ಕಣ್ಣಿಂದ.

ತಂದ ಕೆಲಸವನ್ನು ಅರ್ಧಕ್ಕೆ ಬಿಡುವಂತಿರಲಿಲ್ಲ. ಎದುರಿನ ಗೋಡೆಗೆ ಒಂದು ಮೊಳೆ ಹೊಡೆದು, ರೇಷ್ಮೆಯನ್ನು ಅದಕ್ಕೆ ಬಿಗಿದು, ಉಳಿದ ಕೊಂಡಿಯನ್ನು ಒಬ್ಬಳೇ ಮುಗಿಸಿ ಹಳ್ಳಿಗೆ ಮುಟ್ಟಿಸಿದೆ. ನೇಕಾರ ಸೀರೆ ನೇಯ್ದ, ಯಾರೋ ಬಾಗಲಕೋಟೆಯವರು ಕೊಂಡರಂತೆ. ಕೊಂಡವರಿಗೆ ಚೆನ್ನಾಗಿ ಬಾಳಲಿ.

ಆಮೇಲೆ ದಾರಿ ತೋರಿಸಿದ್ದು ನಮ್ಮ ಬೀದಿಯಲ್ಲಿ ಕೌದಿ ಹೊಲಿಯುವ ಒಬ್ಬ ಹೆಂಗಸು. ಹಳೆಯ ಸೀರೆ ಪದರ ಪದರವಾಗಿ ಇಟ್ಟು ಹೊಲಿಯುವ ಹೊದಿಕೆಯೇ ಕೌದಿ. ಅದಕ್ಕೆ ಬಟ್ಟೆ ಹರಿದುಕೊಡುವವರು ಬೇಕಿತ್ತು. ಹತ್ತಿಯ ಸೀರೆಗೆ ಅಂಚಿನಲ್ಲಿ ಒಂದು ಕಚ್ಚು ಹಾಕಿಕೊಟ್ಟರೆ ಸಾಕು, ಎಳೆದಂತೆ ತಾನೇ ನೆಟ್ಟಗೆ ಹರಿಯುತ್ತದೆ. ಹೆಬ್ಬೆರಳಿನ ಜಾಣತನ ಬೇಡ. ಜೀವಮಾನವೆಲ್ಲ ಮೈಗೆ ಸೆರಗು ಬೆಸೆದವಳ ಕೈಗೆ ಹರಿಯುವ ಕೆಲಸ ಕೊಡಲು ನನಗೆ ಮನಸ್ಸಿರಲಿಲ್ಲ. ಆದರೆ ಹಸಿದವಳಿಗೆ ಮನಸ್ಸು ತೋರಿಸಿ ಏನು ಮಾಡಲಿ. ಸೀರೆಯ ಕೆಲಸವೆಂದೋ ಏನೋ, ಅಕ್ಕ ಕೊಂಡಿ ಕೇಳದೆ ಹರಿದಳು. ಕೌದಿಯವಳು ದಿನವೂ ಮಧ್ಯಾಹ್ನ ಬಂದು, ಎದುರಿಗೇ ಗಂಟು ಕಟ್ಟಿ, “ಭಾಳ ಚಲೋ ಆಗ್ಯಾವ, ನಾಳಿಗೂ ಇಷ್ಟ ಬೇಕ್ರಿ” ಎಂದು ಹೊತ್ತು ಹೋಗುತ್ತಿದ್ದಳು. ಆ ಗಂಟು ಹೊಸ್ತಿಲು ದಾಟಿದ್ದನ್ನು ನೋಡಿ ಅಕ್ಕ ಕೈತೊಳೆಯುತ್ತಿದ್ದಳು. ಒಂದು ರೊಟ್ಟಿ, ಕೆಲವೊಮ್ಮೆ ಒಂದೂವರೆ. ದೀಪಾವಳಿಯಿಂದ ಜೋಳದ ಸುಗ್ಗಿಯವರೆಗೆ ನಡೆಯಿತು. ಹೊಸ ಸೀರೆ ಮಾರುವ ನಾನು ಮನೆಮನೆಗೆ ಹೋಗಿ ಹಳೆಯ ಸೀರೆ ಬೇಡಿದೆ. ಹುನಗುಂದದ ಗಿರಾಕಿಗಳು, “ಏನವಾ, ಧಂದೆ ತಿರಗಾಮುರಗಾ ಆತೇನು?” ಎಂದು ಚೇಷ್ಟೆ ಮಾಡಿದರು. ಮಾಡಲಿ ಎಂದುಕೊಂಡೆ.

ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅಕ್ಕ ಅರ್ಧ ಹರಿದ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಳು.

“ಇದನ್ನ ಏನ ಮಾಡೂದು?”

“ಹರಿ ಅಕ್ಕಾ.”

“ಯಾಕ?”

ನಾನು ಹೇಳಿದೆ. ಕೌದಿ ಎಂದೆ, ಊಟ ಎಂದೆ, ಅತ್ತೆಯ ಮಾತನ್ನೂ ನೆನಪಿಸಿದೆ. ಅವಳು ನನ್ನ ಬಾಯಿ ಅಲುಗುವುದನ್ನು ನೋಡಿದಳು, ಅಷ್ಟೇ. ಬಟ್ಟೆ ಮಡಿಲಲ್ಲೇ ಉಳಿಯಿತು. ಏನಾದರಾಗಲಿ ಎಂದು ಸೊಸೆ ಹಾಲು ಅನ್ನ ಕಲಸಿ ತಂದು ಚಮಚ ಹಿಡಿದಳು. ಅಕ್ಕ ಬಾಯಿ ತೆರೆದಳು. ನುಂಗಿ ಮತ್ತೆ ತೆರೆದಳು. ಬಟ್ಟಲು ಖಾಲಿಯಾಯಿತು.

“ಸಣ್ಣತ್ತೀ, ನೋಡ್ರಿ, ಕೇಳದನ ಉಂಡ್ರು. ಏನ ಕೆಲಸ ಮಾಡೇನಿ ಅಂತ ಕೇಳಲೇ ಇಲ್ಲ” ಎಂದಳು ಸೊಸೆ. ಅವಳ ಕಣ್ಣಲ್ಲಿ ನೀರು, ಸಂತೋಷದ ನೀರು. ತಪ್ಪಲ್ಲ. ಒಂದು ವರ್ಷದಿಂದ ಆ ತಟ್ಟೆ ಹಿಡಿದು ಸುತ್ತಿದವಳು ಅವಳು. ಅಕ್ಕನ ಮಗ ನೆಂಟರಿಗೆಲ್ಲ ಫೋನು ಮಾಡಿದ. ನಾನು ಹಿತ್ತಲಿಗೆ ಹೋಗಿ ಬಚ್ಚಲ ಕಲ್ಲಿನ ಮೇಲೆ ಕೂತೆ. ಆವತ್ತು ಅಕ್ಕ ಹೋದಳು ಎಂದು ನನಗೊಬ್ಬಳಿಗೆ ಗೊತ್ತಾಯಿತು. ಅದನ್ನು ಯಾರಿಗೆ ಹೇಳುವುದು, ಎಲ್ಲರೂ ನಗುತ್ತಿದ್ದ ಮನೆಯಲ್ಲಿ.

ಈಗ ಅವಳು ಕೊಟ್ಟದ್ದನ್ನೆಲ್ಲ ಉಣ್ಣುತ್ತಾಳೆ. ಕೊಡದಿದ್ದರೆ ಕೇಳುವುದಿಲ್ಲ. ಮೈ ತುಂಬಿಕೊಂಡಿದೆ. ಮೊನ್ನೆ ಡಾಕ್ಟರು ನೋಡಿ, “ಆರಾಮ ಕೊಟ್ಟದ್ದ ಗುಣಾ ಹಿಡೀತ ನೋಡ್ರಿ” ಎಂದರು. ಹೌದ್ರಿ ಎಂದೆ. ಅವಳ ಕೈಗಳು ಮಡಿಲಲ್ಲಿ ಬಿದ್ದಿರುತ್ತವೆ, ಒಂದರ ಮೇಲೊಂದು. ಎಳೆ ಹಿರಿಯುವುದಿಲ್ಲ, ಎದುರಿಗೆ ಚಾಚುವುದಿಲ್ಲ. ಜೋಕಾಲಿಯ ಮೇಲೆ ಕೂರಿಸಿದರೆ ಕೂತಿರುತ್ತಾಳೆ, ತೂಗಿದರೆ ತೂಗಿಸಿಕೊಳ್ಳುತ್ತಾಳೆ. ಬೀದಿಯವರು, ಪುಣ್ಯವಂತೆ, ಕೊನೆಗಾಲದಲ್ಲಿ ಸುಖ ಸಿಕ್ಕಿತು ಎನ್ನುತ್ತಾರೆ.

ನನ್ನ ಗಂಡ ನನಗೂ ಹೇಳುತ್ತಾರೆ, ಸಾಕು ಮಾಡು, ಕೂರು ಎಂದು. ಕೂರಲು ನನಗೆ ಬರುವುದಿಲ್ಲ, ಬೇಕೂ ಇಲ್ಲ. ಹಳ್ಳಿಯ ಆ ನೇಕಾರನಿಂದ ಕೊಂಡಿ ತಂದು ಗೋಡೆಯ ಮೊಳೆಗೆ ಬಿಗಿದು ಮಾಡುತ್ತೇನೆ, ಈಗ ಅವನೇ ಕೂಲಿ ಕೊಡುತ್ತಾನೆ, ಕಡಿಮೆಯೇ ಕೊಡುತ್ತಾನೆ. ಬೆಳಿಗ್ಗೆ ಎಳೆ ಬೆಸೆಯುವ ಹೊತ್ತು ಬಿಟ್ಟರೆ ದಿನದ ಉಳಿದ ಭಾಗದಲ್ಲಿ ನನಗೆ ಏನೂ ಹಿಡಿಸುವುದಿಲ್ಲ. ಆ ಹೊತ್ತೂ ಎಷ್ಟು ದಿನವೋ. ಕನ್ನಡಕದ ನಂಬರು ಏರುತ್ತಲೇ ಇದೆ.

ನಿಮಗೆ ಹೇಳುವುದು ಇಷ್ಟು, ದುಡ್ಡು ಕೊಟ್ಟು ಕಲಿತದ್ದು, ಪುಕ್ಕಟೆ ತೆಗೆದುಕೊಳ್ಳಿ. ಮನೆಯ ಹಿರಿಯರು ದುಡಿತದಲ್ಲೇ ಸುಖ ಕಂಡವರಾದರೆ ಅವರ ಕೈಯಿಂದ ಕೆಲಸವನ್ನು ಒಮ್ಮೆಗೇ ಕಿತ್ತುಕೊಳ್ಳಬೇಡಿ. ದೊಡ್ಡದನ್ನು ತೆಗೆಯುವ ಮೊದಲು ಸಣ್ಣದೊಂದನ್ನು ಹಿಡಿಸಿಡಿ. ಕೊಡುವ ಕೆಲಸ ನಿಮಗೆ ನಿಜವಾಗಿ ಬೇಕಾದದ್ದಿರಲಿ, ಮಾಡಿದ್ದು ಅವರ ಕಣ್ಣೆದುರಿಗೇ ಬಳಕೆಗೆ ಹೋಗಲಿ. ಸುಳ್ಳು ಕೆಲಸ ಕೊಡಬೇಡಿ, ಎಷ್ಟು ಮರೆತವರಿಗೂ ಅದು ಗೊತ್ತಾಗುತ್ತದೆ. ಮೆಣಸಿನಕಾಯಿ ಕೊಟ್ಟರೆ ಪಕ್ಕದಲ್ಲಿ ಕೂತು ಕೂಡಲೇ ಎಣ್ಣೆ ಹಚ್ಚಿ ಕೈ ತೊಳೆಸಿ. ಇನ್ನು ನೀವೇ ಅಂಥವರಾಗಿದ್ದರೆ, ಕಣ್ಣು ಬೆರಳು ಗಟ್ಟಿಯಿರುವಾಗಲೇ, ಕಣ್ಣು ಬೇಡದ, ಬೆರಳಿನ ಚುರುಕು ಬೇಡದ ಒಂದು ಕೆಲಸವನ್ನು ಈಗಿನಿಂದಲೇ ದಿನಾ ಸ್ವಲ್ಪ ಹೊತ್ತು ರೂಢಿ ಮಾಡಿಕೊಳ್ಳಿ, ಅದು ಯಾವುದೆಂದು ಮನೆಯಲ್ಲಿ ಒಬ್ಬರಿಗೆ ಹೇಳಿಡಿ. ನಾನು ಶೇಂಗಾ ಸುಲಿಯುವುದನ್ನು ಹಿಡಿದಿದ್ದೇನೆ, ಸೊಸೆಗೆ ಹೇಳಿಟ್ಟಿದ್ದೇನೆ. ಶೇಂಗಾ ಕೊಳ್ಳುವಾಗ ಸಿಪ್ಪೆಯಿರುವುದನ್ನೇ ಕೊಳ್ಳಿ. ಅಗ್ಗವೂ ಹೌದು, ಕೈಗೆ ಕೆಲಸವೂ ಹೌದು.